ಜೋಡಿ ಖಾತೆ ಕೈಕೊಟ್ಟ ರಾತ್ರಿ

ವ್ಯಾಪಾರಸ್ಥರ ಮನೆಗಳಲ್ಲಿ ಹುಟ್ಟಿ ಬೆಳೆದ ವಾಚಕರಿಗೆ ಕಿರ್ದಿ ಖಾತೆಗಳ ವಿಷಯವನ್ನು ನಾವು ಹೊಸದಾಗಿ ತಿಳಿಸಬೇಕಾದುದಿಲ್ಲ. ದಿನದ ವ್ಯವಹಾರವೆಲ್ಲವೂ ನಡೆದ ಕ್ರಮದಲ್ಲಿಯೇ ಮೊದಲು ಕಿರ್ದಿಗೆ ಏರುವುದು. ಅಲ್ಲಿಂದ ಖಾತೆಗೆ ಇಳಿಯುವುದು. ಈಗ ಬೇರೊಂದು ಊರಿನಲ್ಲಿ ಗುಮಾಸ್ತನೊಬ್ಬನು ಕುಳಿತು, ಈ ಕಿರ್ದಿಯ ಹಾಳೆಗಳನ್ನು ಆಗಿಂದಾಗ್ಗೆ ತರಿಸಿಕೊಂಡು, ಅದೇ ಖಾತೆಯ ಮತ್ತೊಂದು ಪ್ರತಿಯನ್ನು ಬರೆದಿಡುತ್ತಿರುವನೆಂದು ಭಾವಿಸಿರಿ. ಇಲ್ಲಿಯ ಅಂಗಡಿಗೆ ಬೆಂಕಿ ಬಿದ್ದರೂ ಅಲ್ಲಿಯ ಲೆಕ್ಕ ಉಳಿಯುವುದಷ್ಟೆ? ಗಣಕಯಂತ್ರಗಳನ್ನು ಬಲ್ಲವರು ‘ರೆಪ್ಲಿಕೇಷನ್’ ಎಂದು ಕರೆಯುವುದು ಈ ಏರ್ಪಾಟನ್ನೇ. ಇದರಲ್ಲಿ ಒಂದು ಕುಂದುಂಟು. ಮೂಲ ಖಾತೆಯಲ್ಲಿ ಯಾರಾದರೂ ಪ್ರಮಾದದಿಂದ ಒಂದು ಹೆಸರನ್ನು ಹೊಡೆದುಹಾಕಿದರೆ, ದೂರದ ಗುಮಾಸ್ತನೂ ವಿಧೇಯನಾಗಿ ಅದನ್ನೇ ಹೊಡೆದುಹಾಕುವನು. ಆದುದರಿಂದಲೇ ಜೋಡಿ ಖಾತೆ ಇದ್ದವರೂ ಹಳೆಯ ಪ್ರತಿಗಳನ್ನು ಬೇರೆಯಾಗಿ ಕಟ್ಟಿಡಬೇಕಾಗುವುದು.

ಈ ಎರಡು ಕಾವಲುಗಳೂ ಒಂದೇ ರಾತ್ರಿ ತಪ್ಪಿದ ಪ್ರಸಂಗವೊಂದು 2017ನೆಯ ಇಸವಿ ಜನವರಿ 31ರಂದು ನಡೆಯಿತು. ಗಣಕಯಂತ್ರಗಳಿಗೆ ಕ್ರಮವಿಧಿಗಳನ್ನು ಬರೆಯುವವರು ತಮ್ಮ ಬರವಣಿಗೆಯನ್ನು ಕಾದಿರಿಸಿಕೊಳ್ಳುವ ‘ಗಿಟ್‌ಲ್ಯಾಬ್’ ಎಂಬ ಸಂಸ್ಥೆಯ ಕಥೆ ಇದು. ಅವರ ಲೆಕ್ಕವೆಲ್ಲ ‘ಪೋಸ್ಟ್‌ಗ್ರೆಸ್’ ಎಂಬ ತಂತ್ರಾಂಶದ ವಶದಲ್ಲಿದ್ದು, ಪ್ರಧಾನ ಯಂತ್ರವೊಂದು, ಅನುಚರ ಯಂತ್ರವೊಂದು, ಹೀಗೆ ಎರಡರಲ್ಲಿ ಇದ್ದಿತು. ಅಂದು ಸಂಜೆಯಿಂದ ಕೆಲಸದ ಭಾರ ವಿಪರೀತವಾಗಿ ಏರಿತು. ಅನುಚರ ಯಂತ್ರವು ಹಿಂದೆ ಬಿದ್ದಿತು. ಅದು ಓದಿ ಮುಗಿಸುವ ಮೊದಲೇ ಪ್ರಧಾನ ಯಂತ್ರವು ಕಿರ್ದಿಯ ಹಳೆಯ ಹಾಳೆಗಳನ್ನು ತೆಗೆದುಹಾಕಿಬಿಟ್ಟಿತು. ಇನ್ನು ಎರಡನೆಯ ಪ್ರತಿಯನ್ನು ಅಳಿಸಿ ಮೊದಲಿನಿಂದ ಬರೆಸುವುದಲ್ಲದೆ ಗತಿಯಿರಲಿಲ್ಲ.

ಆ ಕಾರ್ಯಕ್ಕೆ ಕುಳಿತ ತಂತ್ರಜ್ಞರು ಅಂದಿನ ಕೆಲಸವನ್ನು ಮುಗಿಸಿ ಏಳುವ ಹೊತ್ತಿನಲ್ಲಿದ್ದವರು. ಪ್ರತಿ ಮಾಡುವ ಆಜ್ಞೆಯನ್ನು ಕೊಟ್ಟರು; ಯಂತ್ರ ಮಾತಾಡಲಿಲ್ಲ. ಪ್ರತಿ ಕಳುಹಿಸುವ ಹಾದಿಗಳು ಸಾಲವೇನೋ ಎಂದು ಅವುಗಳ ಮಿತಿಯನ್ನು 3ರಿಂದ 32ಕ್ಕೆ ಏರಿಸಿದರು. ಆಗ ಪ್ರಧಾನ ಯಂತ್ರವೇ ಏಳಲೊಲ್ಲದೆ ಹೋಯಿತು. ಏಕಕಾಲದಲ್ಲಿ ಬರತಕ್ಕ ಸಂಪರ್ಕಗಳ ಮಿತಿಯನ್ನು 8000ದಿಂದ 2000ಕ್ಕೆ ಇಳಿಸಿದ ತರುವಾಯ ಎದ್ದಿತು. ಆದರೂ ಪ್ರತಿಯ ಕೆಲಸ ಸಾಗಲಿಲ್ಲ. ಒಂದು ದೂರಿನ ಮಾತೂ ಇಲ್ಲ. ನಿಜಸಂಗತಿಯೇನೆಂದರೆ, ಆ ಆಜ್ಞೆಯು ಕೆಟ್ಟು ನಿಂತಿರಲಿಲ್ಲ. ಪ್ರಧಾನ ಯಂತ್ರವು ಕಳುಹಿಸಲು ತೊಡಗಲೆಂದು ಸುಮ್ಮನೆ ಕಾಯುತ್ತಿದ್ದಿತು. ‘ಕಾಯುತ್ತಿದ್ದೇನೆ’ ಎಂದು ಒಂದು ಸಾಲನ್ನು ಅದು ತೋರಿಸಿದ್ದರೆ ಮುಂದಿನ ಅನರ್ಥವು ನಡೆಯುತ್ತಿರಲಿಲ್ಲವೆಂದೇ ನಮಗೆ ತೋರುವುದು.

ಅನುಚರ ಯಂತ್ರದ ಕಡತವು ಅಲ್ಲಿಯೇ ಉಳಿದಿರುವುದರಿಂದ ತೊಡಕಾಗಿರಬಹುದೆಂದು ಬಗೆದು, ರಾತ್ರಿ ಗ್ರೀನಿಚ್ ಕಾಲಮಾನ 11-30ರ ಸುಮಾರಿಗೆ ಅವರು ಅದನ್ನು ಅಳಿಸುವ ಆಜ್ಞೆಯನ್ನು ಕೊಟ್ಟರು. ಒಂದೆರಡು ಕ್ಷಣಗಳಲ್ಲಿ ಎದೆ ಝಲ್ಲೆಂದಿತು. ಆಜ್ಞೆ ಹೋದದ್ದು ಪ್ರಧಾನ ಯಂತ್ರಕ್ಕೆ! ಕೂಡಲೆ ತಡೆದರು. ಸುಮಾರು 300 ಗಿಗಾಬೈಟ್ ಇದ್ದ ಲೆಕ್ಕದಲ್ಲಿ 4.5 ಗಿಗಾಬೈಟ್ ಮಾತ್ರ ಉಳಿದಿತ್ತು. ಅನುಚರ ಯಂತ್ರವೋ, ಮೊದಲೇ ಬರಿದಾಗಿತ್ತು.

ಹೋಗಲಿ, ಕಟ್ಟಿಟ್ಟ ಪ್ರತಿಗಳಿವೆಯಲ್ಲ ಎಂದು ಉಗ್ರಾಣದ ಬಾಗಿಲನ್ನು ತೆರೆದರೆ ಒಳಗೆ ಏನೂ ಇಲ್ಲ. ದಿನಂಪ್ರತಿ ನಡೆಯಬೇಕಾದ ನಕಲಿನ ಕೆಲಸವು ಎಂದೋ ನಿಂತುಹೋಗಿತ್ತು. ಲೆಕ್ಕವಿದ್ದುದು ತಂತ್ರಾಂಶದ 9.6ನೆಯ ಆವೃತ್ತಿಯಲ್ಲಿ; ನಕಲು ಮಾಡಲು ಹೊರಟದ್ದು 9.2ನೆಯ ಆವೃತ್ತಿಯ ಉಪಕರಣ. ಅದು ಪ್ರತಿಸಾರಿಯೂ ಸೋತು, ಸೋತೆನೆಂದು ಮಿಂಚಂಚೆಯನ್ನೂ ಕಳುಹಿಸುತ್ತಿತ್ತು. ಆ ಅಂಚೆಯ ಮೇಲೆ ಸರಿಯಾದ ಮುದ್ರೆಯಿಲ್ಲವೆಂದು ಅಂಚೆಯ ಕಾವಲುಗಾರನು ಅದನ್ನು ಒಳಗೆ ಬಿಡುತ್ತಿರಲಿಲ್ಲ. ಬಾಡಿಗೆಗೆ ಪಡೆದ ಯಂತ್ರಶಾಲೆಯವರು ಒದಗಿಸುವ ಇನ್ನೊಂದು ಬಗೆಯ ಪ್ರತಿಯ ಸೌಕರ್ಯವನ್ನು ಬೇರೆ ಯಂತ್ರಗಳಿಗೆ ಅಳವಡಿಸಿದ್ದರು. ಲೆಕ್ಕದ ಯಂತ್ರಗಳಿಗೆ ಅಳವಡಿಸಿರಲಿಲ್ಲ. ಐದು ವಿಧದ ಕಾವಲುಗಳಿದ್ದು ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲವೆಂದು ಅವರೇ ಬರೆದುಕೊಂಡರು.

ದೈವಯೋಗವೆನ್ನಬೇಕು: ಅದೇ ತಂತ್ರಜ್ಞರು ಅಂದು ಸಂಜೆ 5-20ಕ್ಕೆ, ಪರೀಕ್ಷೆಗಾಗಿ ಬೇರೊಂದು ಯಂತ್ರಕ್ಕೆ ತುಂಬಲೆಂದು ಲೆಕ್ಕದ ಒಂದು ಪ್ರತಿಯನ್ನು ತಾವಾಗಿಯೇ ತೆಗೆದಿದ್ದರು. ಕೆಡಿಸಿದ ಕೈಯೇ ಆರು ಗಂಟೆಗಳ ಮುಂಚೆ ಉಳಿಸಿಟ್ಟಿತ್ತು! ಆ ಯಂತ್ರವೋ ಬಲು ನಿಧಾನದ್ದು. ಲೆಕ್ಕವನ್ನು ಹಿಂದಕ್ಕೆ ಸಾಗಿಸಿ ಬಾಗಿಲು ತೆರೆಯುವಾಗ ಮರುದಿನ ಸಂಜೆ ಆರು ಗಂಟೆ ಮೀರಿತ್ತು. ನಡುವಣ ಆರು ಗಂಟೆಗಳ ಲೆಕ್ಕ ಮಾತ್ರ ಹೋದದ್ದು ಹೋಯಿತು. ಸುಮಾರು 5000 ಕಾರ್ಯಯೋಜನೆಗಳು, ಅಷ್ಟೇ ಟಿಪ್ಪಣಿಗಳು, 700ರಷ್ಟು ಹೊಸ ಸದಸ್ಯರ ಹೆಸರುಗಳು ನಷ್ಟವಾದುವೆಂದು ಅಂದಾಜು. ಜನರು ಬರೆದ ಕ್ರಮವಿಧಿಗಳು ಬೇರೆ ಕಡೆಯಲ್ಲಿದ್ದುದರಿಂದ ಅವಕ್ಕೆ ಕೇಡಾಗಲಿಲ್ಲ.

ಇಷ್ಟಾದ ಮೇಲೆ ಸಾಮಾನ್ಯವಾಗಿ ಸಂಸ್ಥೆಗಳು ಬಾಯಿ ಮುಚ್ಚಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಇವರು ಹಾಗೆ ಮಾಡಲಿಲ್ಲ. ದುರಸ್ತಿಯ ಕಾರ್ಯವನ್ನೆಲ್ಲ ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಸಾವಿರಾರು ಜನರು ನೋಡುತ್ತ ಕುಳಿತರು. ತಮ್ಮ ವರದಿಯಲ್ಲಿ ಆ ತಂತ್ರಜ್ಞರ ಹೆಸರನ್ನು ಮಾತ್ರ ಹಾಕಲಿಲ್ಲ. ಕೆಟ್ಟ ಏರ್ಪಾಟಿನ ಹೊಣೆಯನ್ನು ಸಂಸ್ಥೆಯೇ ಹೊತ್ತಿತು. ಕಟ್ಟಿಟ್ಟ ಪ್ರತಿಗಳನ್ನು ಪರೀಕ್ಷಿಸುವ ಹೊಣೆಯು ಅದುವರೆಗೆ ಯಾರೊಬ್ಬರದೂ ಆಗಿರಲಿಲ್ಲವೆಂಬುದನ್ನೂ ಮರೆಮಾಚಲಿಲ್ಲ. ಮುಂದೆ ಮಾಡತಕ್ಕ ಕೆಲಸಗಳ ದೊಡ್ಡ ಪಟ್ಟಿಯೊಂದನ್ನು ಬರೆದರು. ಪ್ರತಿಯನ್ನು ಬಿಚ್ಚಿ ಲೆಕ್ಕ ಸರಿಯಾಗಿ ಮೇಲೇಳುವುದೋ ಇಲ್ಲವೋ ಎಂದು ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿತ್ತು. ಆಜ್ಞೆ ಬರೆಯುವ ಪರದೆಯ ಮೇಲೆ ಇದು ಯಾವ ಯಂತ್ರವೆಂಬುದು ಒಂದೇ ನೋಟಕ್ಕೆ ತಿಳಿಯುವಂತೆ ಗುರುತು ಮಾಡಬೇಕೆಂಬುದೂ ಅದರಲ್ಲಿತ್ತು. ಉಪ್ಪಿನ ಭರಣಿಗೂ ಸಕ್ಕರೆಯ ಭರಣಿಗೂ ಬೇರೆ ಬೇರೆ ಚೀಟಿ ಅಂಟಿಸುವ ನಮ್ಮ ಗೃಹಿಣಿಯರಿಗೆ ಇದರಲ್ಲಿ ಹೊಸತೇನೂ ಕಾಣಿಸಲಾರದು.