ಹಂದಿ ಜ್ವರ: ಕಾಡುಹಂದಿಯ ಪಾಲೆಷ್ಟು, ನಮ್ಮ ಪಾಲೆಷ್ಟು?

ಕೋಲಾರ ಜಿಲ್ಲೆಯ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕಾಡುಹಂದಿಯ ಬಗ್ಗೆ ಒಳ್ಳೆಯ ಮಾತಾಡುವ ರೈತರು ಸಿಗುವುದು ಕಷ್ಟ. ಕಡಲೆಕಾಯಿ ಹೊಲಕ್ಕೆ ಹಿಂಡು ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಗಿಡ ಉಳಿದಿರುವುದಿಲ್ಲ. ಹೀಗಿರುವಾಗ ಸಾಕು ಹಂದಿಗಳಿಗೆ ರೋಗ ತರುವುದೂ ಅದೇ ಎಂದರೆ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ವೈರಸ್ಸಿನ ದಾರಿ ಅಷ್ಟು ನೇರವಾಗಿಲ್ಲ.

ಆಫ್ರಿಕನ್ ಹಂದಿ ಜ್ವರ ಭಾರತಕ್ಕೆ ಕಾಲಿಟ್ಟದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲದ ಮೂಲಕ. 2022ರ ಜುಲೈನಲ್ಲಿ ವಯನಾಡಿನ ಹಂದಿ ಫಾರಂಗಳಲ್ಲಿ ಕಾಣಿಸಿಕೊಂಡಿತು. 2023ರ ಜನವರಿಯಲ್ಲಿ ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯಲ್ಲಿ ಕಾಡುಹಂದಿಗಳು ಸತ್ತವು. ಪರೀಕ್ಷೆಯಲ್ಲಿ ಇದೇ ವೈರಸ್ ಸಿಕ್ಕಿತು.

ಆಫ್ರಿಕಾದ ಕಾಡುಹಂದಿಯಾದ ವಾರ್ಟ್‌ಹಾಗ್ ಈ ವೈರಸ್ಸನ್ನು ಒಡಲಲ್ಲಿಟ್ಟುಕೊಂಡೂ ಆರಾಮವಾಗಿರುತ್ತದೆ. ಅಲ್ಲಿ ಒಂದು ಬಗೆಯ ಮೆದು ಮೈಯ ಉಣ್ಣೆಹುಳು ಅದನ್ನು ಹಂದಿಯಿಂದ ಹಂದಿಗೆ ದಾಟಿಸುತ್ತದೆ. ನಮ್ಮ ಕಾಡುಹಂದಿಗೆ ಆ ಭಾಗ್ಯವಿಲ್ಲ. ಅದೂ ಸಾಕು ಹಂದಿಯೂ ಒಂದೇ ಪ್ರಭೇದ, ಹಾಗಾಗಿ ಎರಡೂ ಒಂದೇ ರೀತಿ ಸಾಯುತ್ತವೆ. ಅಪಾಯವಿರುವುದು ಹೆಣದಲ್ಲಿ. ರಕ್ತ, ಮಾಂಸ, ಮೂಳೆಯಲ್ಲಿ ವೈರಸ್ ಬಹುಕಾಲ ಬದುಕಿರುತ್ತದೆ. ಮೂಸಿ ನೋಡಲು ಬಂದ ಇನ್ನೊಂದು ಹಂದಿಗೆ ಅಂಟುತ್ತದೆ. ಇನ್ನೊಂದು ವೈರಸ್ಸಿನಿಂದ ಬರುವ ಹಳೆಯ (ಕ್ಲಾಸಿಕಲ್) ಹಂದಿ ಜ್ವರದ ಕಥೆ ಬೇರೆ. ಗರ್ಭದಲ್ಲೇ ಅದರ ಸೋಂಕು ತಗುಲಿದ ಮರಿ ಕೆಲವೊಮ್ಮೆ ಆರೋಗ್ಯವಾಗಿರುವಂತೆ ಕಾಣುತ್ತಲೇ ತಿಂಗಳುಗಟ್ಟಲೆ ವೈರಸ್ ಹರಡುತ್ತಿರುತ್ತದೆ. ಆ ಜ್ವರಕ್ಕೆ ಲಸಿಕೆಯಿದೆ, ಆಫ್ರಿಕನ್ ಜ್ವರಕ್ಕೆ ನಮ್ಮಲ್ಲಿ ಇಲ್ಲ.

ಯುರೋಪಿನ ಕಾಡುಗಳಲ್ಲಿ ಹಂದಿಯಿಂದ ಹಂದಿಗೆ ಹರಡುತ್ತ ಆಫ್ರಿಕನ್ ಜ್ವರ ಮುಂದುವರಿದದ್ದು ವರ್ಷಕ್ಕೆ ಸುಮಾರು 10 ಕಿ.ಮೀ. ಚೀನಾದಲ್ಲಿ 2018ರ ಆಗಸ್ಟಿನಲ್ಲಿ ಕಾಣಿಸಿಕೊಂಡದ್ದು ವರ್ಷ ತುಂಬುವ ಮೊದಲೇ ಎಲ್ಲ ಪ್ರಾಂತ್ಯಗಳನ್ನೂ ಮುಟ್ಟಿತು. ಅಷ್ಟು ದೂರ ಅದನ್ನು ಒಯ್ದದ್ದು ಲಾರಿ, ಮಾಂಸ, ಹೋಟೆಲಿನ ಮುಸುರೆ. ಆಂಧ್ರ, ತಮಿಳುನಾಡುಗಳ ಗಡಿಯಲ್ಲಿರುವ ಕೋಲಾರ ಜಿಲ್ಲೆ ಹೆಚ್ಚು ಹೆದರಬೇಕಾದದ್ದು ಇವಕ್ಕೇ.

ಕೋಲಾರದವರಿಗೆ ಹಂದಿ ಎಂದರೆ ಮೆದುಳು ಜ್ವರ ನೆನಪಾಗುವುದು ಸಹಜ. 1970ರ ದಶಕದ ಕೊನೆಯಲ್ಲೇ ಜಿಲ್ಲೆ ಅದನ್ನು ಕಂಡಿದೆ. ಅದು ಸೊಳ್ಳೆಯಿಂದ ಮನುಷ್ಯರಿಗೆ ಬರುವ ಬೇರೆಯೇ ವೈರಸ್. ಹಂದಿ ಜ್ವರಗಳೆರಡೂ ಮನುಷ್ಯರಿಗೆ ತಗಲುವುದಿಲ್ಲ.

ಆದರೆ ಫಾರಂ ಒಂದಕ್ಕೆ ಆಫ್ರಿಕನ್ ಜ್ವರ ಹೊಕ್ಕರೆ ಸುತ್ತಲಿನ 1 ಕಿ.ಮೀ. ಒಳಗಿನ ಸಾಕು ಹಂದಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ಆದ್ದರಿಂದ ಮುಸುರೆ ಹಾಕುವವರು ಅದನ್ನು ಅರ್ಧ ಗಂಟೆಯಾದರೂ ಕುದಿಸಿ, ಆರಿಸಿ ಹಾಕಿ. ಹೊಲದ ಬದುವಿನಲ್ಲಿ ಕಾಡುಹಂದಿ ಸತ್ತು ಬಿದ್ದಿದ್ದರೆ ಎಳೆಯಬೇಡಿ, ಕೊಯ್ಯಬೇಡಿ. ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ಅಂದೇ ತಿಳಿಸಿ.