ರಾಜಿಯ ಭಾಷೆ

ನ್ಯಾಯಾಲಯದ ಆವರಣದಲ್ಲಿ ‘ರಾಜಿ’ ಗೌರವದ ಮಾತು. ರಾಜಕೀಯ ವೇದಿಕೆಯಲ್ಲಿ ಅದೇ ಒಂದು ಆರೋಪ. ತತ್ವದೊಡನೆ ರಾಜಿ ಮಾಡಿಕೊಂಡರು ಎಂದರೆ ಶರಣಾದರು ಎಂದೇ ಅರ್ಥ. ಒಂದೇ ಭಾಷೆಯೊಳಗೆ ಇಂಥ ತೊಡಕಿರುವಾಗ, ಭಾಷೆ, ಧರ್ಮ, ಇತಿಹಾಸಗಳೆಲ್ಲ ಬೇರೆಯಾದ ಎರಡು ರಾಷ್ಟ್ರಗಳ ನಡುವೆ ನಿಲ್ಲುವ ಸಂಧಾನಕಾರನ ಪಾಡೇನು?

1979ರ ನವೆಂಬರ್ 4ರಂದು ಟೆಹರಾನ್‌ನ ಅಮೆರಿಕ ರಾಯಭಾರ ಕಚೇರಿ ವಿದ್ಯಾರ್ಥಿಗಳ ವಶವಾಯಿತು. 1980ರ ಆರಂಭದಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್ ಅಲ್ಲಿಗೆ ತೆರಳಿ, ತಾವು ಮಧ್ಯಸ್ಥರಾಗಿ ರಾಜಿಗಾಗಿ ಬಂದಿರುವುದಾಗಿ ಹೇಳಿದರು. ಆ ಮಾತು ಪರ್ಷಿಯನ್‌ನಲ್ಲಿ ಪ್ರಸಾರವಾದಾಗ, ಮಧ್ಯಸ್ಥ ಎಂಬುದಕ್ಕೆ ಮೂಗು ತೂರಿಸುವವನೆಂದೂ ರಾಜಿ ಎಂಬುದಕ್ಕೆ ಮೌಲ್ಯಗಳ ಬಲಿಯೆಂದೂ ಧ್ವನಿ ಬಂದಿತು. ಜನ ಅವರ ಕಾರಿಗೆ ಕಲ್ಲು ತೂರಿದರು ಎಂದು ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ ‘ಗೆಟಿಂಗ್ ಟು ಯೆಸ್’ ಕೃತಿಯಲ್ಲಿ ಬರೆದಿದ್ದಾರೆ.

ಕೊನೆಗೆ ಈ ಕಗ್ಗಂಟನ್ನು ಬಿಡಿಸಿದ್ದು ಅಲ್ಜೀರಿಯ. ಅದರ ವಿದೇಶಾಂಗ ಸಚಿವ ಮಹಮ್ಮದ್ ಸೆದ್ದಿಕ್ ಬೆನ್‌ಯಾಹಿಯ ಮತ್ತು ವಾಷಿಂಗ್ಟನ್‌ನಲ್ಲಿದ್ದ ರಾಯಭಾರಿ ರೆದಾ ಮಾಲೆಕ್ ಇಬ್ಬರೂ 1962ರಲ್ಲಿ ಫ್ರಾನ್ಸ್‌ನೊಡನೆ ಎವಿಯಾನ್ ಒಪ್ಪಂದಕ್ಕಾಗಿ ಮಾತುಕತೆ ನಡೆಸಿದ ನಿಯೋಗದಲ್ಲಿದ್ದವರು. ಬಲಾಢ್ಯ ರಾಷ್ಟ್ರದ ಎದುರು ಕುಳಿತ ಕ್ರಾಂತಿಕಾರಿಯ ಅಭಿಮಾನ ಎಂಥದೆಂಬುದು ಅವರಿಗೆ ಸ್ವಾನುಭವದಿಂದ ತಿಳಿದಿತ್ತು. ಶಾಹನ ಆಸ್ತಿಯನ್ನು ಅಧ್ಯಕ್ಷರ ಒಂದೇ ಆಜ್ಞೆಯಿಂದ ಮರಳಿಸಲು ಅಮೆರಿಕದ ಕಾನೂನು ಬಿಡದು ಎಂಬುದನ್ನು ಟೆಹರಾನ್‌ಗೆ ಮನಗಾಣಿಸುವುದೂ ಅವರ ಕೆಲಸವಾಗಿತ್ತು.

ಇರಾನ್‌ಗೆ ಅಮೆರಿಕದೊಡನೆ ಒಂದೇ ಮೇಜಿನಲ್ಲಿ ಕೂರುವುದು ಬೇಕಿರಲಿಲ್ಲ. ಆದ್ದರಿಂದ 1981ರ ಜನವರಿ 19ರ ಒಪ್ಪಂದ ಅಲ್ಜೀರಿಯ ಸರ್ಕಾರದ ಘೋಷಣೆಯ ರೂಪ ತಾಳಿತು. ಉಭಯ ಪಕ್ಷಗಳೂ ಮಾತು ಕೊಟ್ಟದ್ದು ಅಲ್ಜೀರಿಯಕ್ಕೆ. ಇರಾನಿನ ಆಂತರಿಕ ವ್ಯವಹಾರಗಳಲ್ಲಿ ಕೈಹಾಕದಿರುವುದು ಅಮೆರಿಕದ ನೀತಿ ‘ಆಗಿದೆ, ಇನ್ನು ಮುಂದೆಯೂ ಆಗಿರುತ್ತದೆ’ ಎಂಬ ಅರ್ಥದ ವಾಕ್ಯ ಅದರಲ್ಲಿತ್ತು. 1953ರ ಕ್ಷಿಪ್ರಕ್ರಾಂತಿಯನ್ನು ಮರೆಯದ ಇರಾನ್‌ಗೆ ‘ಇನ್ನು ಮುಂದೆ’ ಎಂಬುದು ಮುಖ್ಯ. ತಪ್ಪೊಪ್ಪಿಗೆಗೆ ಸಿದ್ಧವಿಲ್ಲದ ಅಮೆರಿಕಕ್ಕೆ ‘ಆಗಿದೆ’ ಎಂಬುದು ಮುಖ್ಯ. ಮೊದಲು ಕೊಡುವವರು ಯಾರೆಂಬ ಅಪನಂಬಿಕೆಗೂ ಪರಿಹಾರ ಸಿಕ್ಕಿತು. ಅಮೆರಿಕ ತಡೆಹಿಡಿದಿದ್ದ ಹಣದಲ್ಲಿ ಸುಮಾರು 800 ಕೋಟಿ ಡಾಲರ್ ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಅಲ್ಜೀರಿಯದ ಕೇಂದ್ರೀಯ ಬ್ಯಾಂಕಿನ ಹೆಸರಿಗೆ ಜಮೆಯಾಯಿತು. ಒತ್ತೆಯಾಳುಗಳು ಹೊರಟರೆಂದು ಅಲ್ಜೀರಿಯ ದೃಢಪಡಿಸಿದ ಮೇಲಷ್ಟೇ ಆ ಹಣಕ್ಕೆ ಬಿಡುಗಡೆ. ಜನವರಿ 20ರಂದು, 444 ದಿನಗಳ ಸೆರೆಯ ನಂತರ, 52 ಮಂದಿ ಬಿಡುಗಡೆಯಾದರು.

ಇದೆಲ್ಲ ಸಂಧಾನಕಾರರ ಜಾಣ್ಮೆಯೊಂದರಿಂದಲೇ ಆಯಿತೆನ್ನಲಾಗದು. ಇರಾಕ್ ಹೂಡಿದ್ದ ಯುದ್ಧ, ಕೈಗೆ ಸಿಗದ ಹಣ, ವಾಷಿಂಗ್ಟನ್‌ನಲ್ಲಿ ಸನ್ನಿಹಿತವಾಗಿದ್ದ ಅಧಿಕಾರ ಬದಲಾವಣೆ ಇರಾನ್ ಮೇಲೆ ಒತ್ತಡ ಹೇರಿದ್ದವು. ಆದರೆ ಒತ್ತಡ ಎದುರಾಳಿಯನ್ನು ಬಾಗಿಲವರೆಗೆ ತರಬಲ್ಲದು. ತಲೆ ತಗ್ಗಿಸದೆ ಒಳಬರುವ ದಾರಿಯನ್ನು ಬೇರೊಬ್ಬರು ತೋರಬೇಕು.

ಬೆನ್‌ಯಾಹಿಯ ಅಷ್ಟಕ್ಕೇ ವಿರಮಿಸಲಿಲ್ಲ. ಇರಾನ್-ಇರಾಕ್ ಸಂಧಾನಕ್ಕೆ ಹೊರಟಿದ್ದಾಗ, 1982ರ ಮೇ ತಿಂಗಳಲ್ಲಿ, ಇರಾನ್-ಟರ್ಕಿ ಗಡಿಯ ಬಳಿ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಆ ಯುದ್ಧ ಇನ್ನೂ ಆರು ವರ್ಷ ನಡೆಯಿತು.

ಅರಬ್ಬಿ ಮೂಲದಿಂದ ಪರ್ಷಿಯನ್ ಮೂಲಕ ಕನ್ನಡಕ್ಕೆ ಬಂದ ‘ರಾಜಿ’ಯ ಮೊದಲ ಅರ್ಥ ‘ತೃಪ್ತ, ಸಮ್ಮತ’ ಎಂಬುದು. ಸೋಲಿನ ಛಾಯೆ ಅದಕ್ಕೆ ನಾವು ಅಂಟಿಸಿದ್ದು.