ಮುಪ್ಪಿನ ನಾಯಿಗೆ ಮಿತಾಹಾರ

ಕಳೆದ ವರ್ಷ ಭಕ್ತರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದು, ತಮ್ಮ ಮನೆಯ 11 ವರ್ಷದ ನಾಯಿಯ ಕಾಲುನೋವಿಗೆ ತೈಲವೊಂದನ್ನು ಕೇಳಿದರು. ನಾನು ಪಶುವೈದ್ಯನಲ್ಲವಾದ್ದರಿಂದ ಅವರನ್ನು ಪಶುವೈದ್ಯರಲ್ಲಿಗೆ ಕಳುಹಿಸಿದೆನು. ಸವೆದ ಕೀಲುಗಳ ಮೇಲೆ ದೇಹದ ಅತಿಭಾರ ಬಿದ್ದುದೇ ನೋವು ಹೆಚ್ಚಲು ಕಾರಣವೆಂದು ತಿಳಿದುಬಂತು. ‘ಮುದಿಜೀವ, ತಿನ್ನಲಿ ಬಿಡಿ’ ಎಂದು ಮನೆಯವರೆಲ್ಲರೂ ಅದಕ್ಕೆ ತುತ್ತು ಹಾಕುತ್ತಿದ್ದರು. ಆ ಅಕ್ಕರೆಯೇ ಅದಕ್ಕೆ ಕಂಟಕವಾಗಿತ್ತು.

ಆಹಾರದ ಪ್ರಮಾಣಕ್ಕೆ ಆಯುರ್ವೇದವು ನೀಡುವ ಮಹತ್ವ ಇಲ್ಲಿಯೂ ಸಲ್ಲುತ್ತದೆ. 48 ಲ್ಯಾಬ್ರಡಾರ್ ನಾಯಿಗಳನ್ನು ಜೀವಮಾನವಿಡೀ ಗಮನಿಸಿ ಅಮೆರಿಕದಲ್ಲಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜೊತೆಯ ನಾಯಿಗಿಂತ ಶೇ. 25ರಷ್ಟು ಕಡಿಮೆ ಆಹಾರ ಪಡೆದವುಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು. ಕೀಲುನೋವೂ ಅವುಗಳಿಗೆ ತಡವಾಗಿ ಬಂದಿತು. ಪಕ್ಕೆಯ ಮೇಲೆ ಅಂಗೈಯಾಡಿಸಿದಾಗ ಎಲುಬುಗಳು ಸುಲಭವಾಗಿ ಕೈಗೆ ತಿಳಿಯಬೇಕು. ಮೇಲಿನಿಂದ ನೋಡಿದರೆ ನಡು ಕಾಣಬೇಕು. ಇದೇ ಸರಿಯಾದ ತೂಕದ ಗುರುತು.

ಮಿತವೆಂದರೆ ಅರೆಹೊಟ್ಟೆಯಲ್ಲ. ಮುಪ್ಪಿನಲ್ಲಿ ಮಾಂಸಖಂಡಗಳು ಕರಗುವುದರಿಂದ, ಆರೋಗ್ಯವಂತ ನಾಯಿಗೆ ಸಸಾರಜನಕವನ್ನು ಕಡಿಮೆ ಮಾಡಬಾರದು. ಕೇವಲ ಮೊಸರನ್ನ ಅಥವಾ ಹಾಲು-ರೊಟ್ಟಿ ಅದಕ್ಕೆ ಸಾಲದು. ನಾಯಿಯ ದೇಹಧರ್ಮ ನಮ್ಮದಕ್ಕಿಂತ ಭಿನ್ನ. ಆದುದರಿಂದ ಶಾಕಾಹಾರದಲ್ಲಿಯೇ ಸಾಕುವವರು ಪೋಷಕಾಂಶಗಳ ಸಮತೋಲನವನ್ನು ಪಶುವೈದ್ಯರಲ್ಲಿ ವಿಚಾರಿಸಿಯೇ ನಿರ್ಧರಿಸಬೇಕು. ಮೂತ್ರಪಿಂಡದ ವ್ಯಾಧಿಯಿದ್ದರೆ ಪಥ್ಯವೇ ಬೇರೆ. ಅದನ್ನೂ ಅವರೇ ಹೇಳಬೇಕು.

ದಿನದ ಆಹಾರವನ್ನು ಅಳೆದು, ಎರಡು ಮೂರು ಹೊತ್ತಿಗೆ ಹಂಚಿ, ಮೆತ್ತಗೆ ಬೇಯಿಸಿ ಕೊಡಿರಿ. ಹಲ್ಲು ಸವೆದಿದ್ದರೆ ಕಿವುಚಿ ಕೊಡುವುದು ಲೇಸು. ಶುದ್ಧವಾದ ನೀರು ಸದಾ ಇರಲಿ. ಉಪ್ಪು-ಖಾರದ ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಹಬ್ಬದ ಪಾಯಸವನ್ನು ಹಾಕುವ ಮುನ್ನ ಇದು ನೆನಪಿರಲಿ. ಚಾಕೊಲೇಟ್ ಕೂಡ ವಿಷವೇ. ನಾವು ನುಂಗುವ ನೋವಿನ ಮಾತ್ರೆಗಳನ್ನಾಗಲಿ, ಚೂರ್ಣ-ಕಷಾಯಗಳನ್ನಾಗಲಿ ಸ್ವಂತ ಬುದ್ಧಿಯಿಂದ ಕೊಡಬೇಡಿರಿ.

ನಾಯಿ ಹೆಚ್ಚು ನೀರು ಕುಡಿಯತೊಡಗಿದರೆ, ತಿಂದರೂ ಸೊರಗಿದರೆ, ಊಟ ಬಿಟ್ಟರೆ, ಅದನ್ನು ‘ವಯಸ್ಸಿನ ಗುಣ’ವೆಂದು ಉಪೇಕ್ಷಿಸದೆ ಕೂಡಲೇ ಪಶುವೈದ್ಯರಿಗೆ ತೋರಿಸಿರಿ. ತನ್ನ ನೋವನ್ನು ಅದು ಬಾಯಿಬಿಟ್ಟು ಹೇಳಲಾರದು.

ಆ ಭಕ್ತರು ಪಶುವೈದ್ಯರ ಸಲಹೆಯಂತೆ ಅಳತೆಯ ಆಹಾರ ಕೊಟ್ಟು ನಾಯಿಯ ತೂಕವನ್ನು ಮೆಲ್ಲಗೆ ಇಳಿಸಿದರು. ಅದೀಗ ಮತ್ತೆ ಮನೆಯ ಕಟ್ಟೆಯೇರಿ ಮಲಗುತ್ತಿದೆಯೆಂದು ಮೊನ್ನೆ ಸಂತೋಷದಿಂದ ತಿಳಿಸಿದರು.